ಒಂಬತ್ತನೆಯ ದಾರಿಗೆ ಸೇರಿಸಬೇಕಾದ ಎರಡು ಸಾಲು

ಹಾಲಬಾವಿ ಓಣಿ, ವಿಜಯಪುರ
ಉರಿಗಾಲದ ನೂರಾ ಹನ್ನೆರಡನೆಯ ದಿನ
(ನಿಮ್ಮ ಎಣಿಕೆಯಲ್ಲಿ 2163ನೆಯ ಇಸವಿ, ಜೂನ್ ತಿಂಗಳು)

ಕರಪತ್ರ ಬರೆದವರಿಗೆ ನಮಸ್ಕಾರ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಕೊನೆಯಲ್ಲಿ ‘ಗೃಹಮಿತ್ರ ಮಂಡಳಿ’ ಎಂದಷ್ಟೇ ಅಚ್ಚಾಗಿದೆ. ಮೇಲೆ ಹಾಕಿದ ತಾರೀಖು ನೋಡಿ ಯಾರದೋ ಹುಡುಗಾಟ ಎಂದುಕೊಳ್ಳಬೇಡಿ. ಹಿಂದಿನ ಕಾಲಕ್ಕೆ ಹೋಗುವ ಟಪಾಲು ನಮ್ಮಲ್ಲಿಯೂ ಇಲ್ಲ. ಆದರೂ ಬರೆಯುತ್ತಿದ್ದೇನೆ. ಒಂದು ಮಾತನ್ನು ಹೇಳಬೇಕಾದವರಿಗೆ ಹೇಳಲು ಹನ್ನೊಂದು ದಿನದಿಂದ ಆಗಿಲ್ಲ. ಮೊದಲು ನಿಮ್ಮೆದುರು ಹೇಳಿ ನೋಡುತ್ತೇನೆ. ನನ್ನ ಕೆಲವು ಪದಗಳು ನಿಮಗೆ ಹೊಸದಾಗಿ ಕಂಡರೆ ಕ್ಷಮಿಸಿ. ನಿಮ್ಮ ಪದಗಳೂ ನನಗೆ ಎಷ್ಟೋ ದಿನ ತಿಳಿದಿರಲಿಲ್ಲ.

ಹನ್ನೊಂದು ದಿನದ ಹಿಂದೆ ನನ್ನ ಕಾಕಾ ಮಲಕಾಜಿ ತೀರಿಕೊಂಡ. ಅದು ತನ್ನ ತಪ್ಪಿನಿಂದ ಆಯಿತೆಂದು ಅವನ ಹೆಂಡತಿ, ನನ್ನ ಚಿಗವ್ವ ಕಸ್ತೂರವ್ವ, ನಂಬಿದ್ದಾಳೆ. ಅವಳ ತಪ್ಪಲ್ಲ. ಅದು ನನಗೆ ಗೊತ್ತು. ನಾನು ಅವಳಿಗೆ ಇನ್ನೂ ಹೇಳಿಲ್ಲ. ಅವ್ವ ಅಪ್ಪ ಹೋದಮೇಲೆ, ನಾಲ್ಕು ವರ್ಷದವಳಿದ್ದ ನನ್ನನ್ನು ಸಾಕಿದವರು ಇವರಿಬ್ಬರೇ. ನನ್ನ ಹೆಸರು ದಾನೇಶ್ವರಿ, ಈಗ ಹತ್ತೊಂಬತ್ತು.

ನಿಮ್ಮ ಕರಪತ್ರ ಸಿಕ್ಕಿದ್ದು ಓಣಿಯ ಹಳೆಯ ಗ್ರಂಥಾಲಯದ ತಗಡಿನ ಪೆಟ್ಟಿಗೆಯಲ್ಲಿ. ಶಾಲೆ ನಾನು ಆರನೆಯ ಇಯತ್ತೆಗೇ ಬಿಟ್ಟವಳು. ಆ ಪೆಟ್ಟಿಗೆಯಲ್ಲಿದ್ದ ನಲವತ್ತು ಕರಪತ್ರಗಳೇ ನನ್ನ ಶಾಲೆ. ಎಲ್ಲಕ್ಕಿಂತ ಹೆಚ್ಚು ಓದಿದ್ದು ನಿಮ್ಮದನ್ನು: ‘ಮನೆಯಲ್ಲೇ ಹಸಿರು: ಸಂಸಾರಕ್ಕೆ ಇಪ್ಪತ್ತೊಂದು ಸುಲಭ ದಾರಿಗಳು.’ ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಎಂದು ಬರೆದಿದ್ದೀರಿ. ಬಾಯಲ್ಲಿ ಕೈ ಇರುವಾಗ ನೀರು ತಾನಾಗಿಯೇ ಹರಿಯುತ್ತಿತ್ತು ಎನ್ನುವುದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ಖಾಲಿ ಕೋಣೆಯ ದೀಪ ಆರಿಸಿ ಎಂದಿದ್ದೀರಿ. ಮನೆಯಲ್ಲಿ ಯಾರೂ ಇರದ ಕೋಣೆ ಇರುತ್ತಿತ್ತು ಎಂದು ಓದಿ ಓಣಿಯವರೆಲ್ಲ ನಕ್ಕರು. ನಾನು ನಗಲಿಲ್ಲ. ನಿಮ್ಮ ಮೇಲೆ ಸಿಟ್ಟು ಬಂತು. ಇಷ್ಟು ಸುಲಭವಾಗಿದ್ದಾಗ ಮಾಡದೆ ಹೋದರಲ್ಲ ಎಂದು ಕಾಗದದ ಅಂಚಿನಲ್ಲಿ ಬರೆದೆ. ನೀವು ‘ಸಾಧ್ಯವಾದರೆ’ ಎಂದು ಬರೆದಲ್ಲೆಲ್ಲ ಆ ಪದದ ಮೇಲೆ ಅಡ್ಡಗೀಟು ಎಳೆದೆ. ಹದಿನಾಲ್ಕು ಕಡೆ ಇತ್ತು.

ನಮ್ಮ ದಿನ ಹೇಗಿರುತ್ತದೆ ಎಂದು ನಿಮಗೆ ತಿಳಿಯಬೇಕು. ಉರಿಗಾಲ ಎಂದರೆ ಮಾರ್ಚಿನಿಂದ ಮಳೆ ಹಿಡಿದು ನಿಲ್ಲುವವರೆಗಿನ ಕಾಲ; ಒಂದೆರಡು ಹನಿ ಬಿದ್ದರೆ ಅದು ಮುಗಿಯುವುದಿಲ್ಲ. ನಿಮ್ಮ ಬೇಸಿಗೆ ಅದರ ತಂಗಿ ಇರಬಹುದು. ಬೆಳಗಿನ ಹತ್ತರಿಂದ ಸಂಜೆ ಐದರವರೆಗೆ ‘ಬಿಸಿಲು ಬಂದ್’. ಆಗ ಯಾರೂ ಓಣಿ ದಾಟುವಂತಿಲ್ಲ. ಹನ್ನೊಂದು ಮನೆಗಳ ಮೇಲೆ ಒಂದೇ ನೆರಳುಬಟ್ಟೆ ಕಟ್ಟಿರುತ್ತೇವೆ. ಸೂರ್ಯ ಏಳುವ ಮುಂಚೆ ಕಿಟಕಿ ಮುಚ್ಚುತ್ತೇವೆ. ಒಂದೇ ಒಲೆಯಲ್ಲಿ ಒಂದೇ ಸಲ ಅಡುಗೆ, ಪಾತ್ರೆಯ ಮೇಲೆ ಮುಚ್ಚಳ, ಅರ್ಧ ಬೆಂದಮೇಲೆ ಹೊಟ್ಟು ತುಂಬಿದ ಬುಟ್ಟಿಯಲ್ಲಿ ಇಟ್ಟರೆ ಉಳಿದದ್ದು ತಾನೇ ಬೇಯುತ್ತದೆ. ಮೈ ತೊಳೆದ ನೀರು ಪಾತ್ರೆಗೆ, ಪಾತ್ರೆ ತೊಳೆದ ನೀರು ನುಗ್ಗೆಗಿಡಕ್ಕೆ. ಸಿಪ್ಪೆ ಗೊಬ್ಬರದ ಗಡಿಗೆಗೆ. ಹರಿದ ಸೀರೆ ಕೌದಿಗೆ, ಹರಿದ ಕೌದಿ ಕಾಲೊರಸಿಗೆ. ಇದೆಲ್ಲ ನಿಮ್ಮ ಪಟ್ಟಿಯಲ್ಲೂ ಇದೆ. ನಾನು ಹೇಳಿಕೊಡುವ ಮುಂಚೆಯೇ ಚಿಗವ್ವ ಇದರಲ್ಲಿ ಹದಿನೇಳನ್ನು ಮಾಡುತ್ತಿದ್ದಳು. ನಾನು ಓದಿ ಹೇಳಿದಾಗ ಅವಳು ಅಂದಿದ್ದು ಇಷ್ಟೇ: “ಇದನ್ನ ಅಚ್ಚ ಹಾಕಸಾಕ ಕಾಗದ ಯಾಕ ಕೆಡಿಸಿದ್ರು? ನನ್ನ ಕೇಳಿದ್ರ ಬಾಯಿಲೇ ಹೇಳತಿದ್ದೆ.”

ಉಳಿದ ನಾಲ್ಕರಲ್ಲಿ ಒಂದು ನಿಮ್ಮ ಒಂಬತ್ತನೆಯ ದಾರಿ. ‘ಫ್ರಿಜ್ ಬದಲು ಜೋಡಿ ಗಡಿಗೆ. ದೊಡ್ಡ ಮಣ್ಣಿನ ಗಡಿಗೆಯೊಳಗೆ ಚಿಕ್ಕದನ್ನಿಟ್ಟು, ನಡುವೆ ಮರಳು ತುಂಬಿ. ಮರಳಿಗೆ ಆಗಾಗ ನೀರು ಚಿಮುಕಿಸಿ. ಸಾಧ್ಯವಾದರೆ ಪ್ರಯತ್ನಿಸಿ.’

ನಮ್ಮ ಓಣಿಗೆ ಒಂದು ತಂಪುಪೆಟ್ಟಿಗೆ ಇತ್ತು. ನಿಮ್ಮಲ್ಲಿ ಮನೆಗೊಂದು ಇರುತ್ತಿದ್ದ ಫ್ರಿಜ್ಜೇ ಅದು. ನಮ್ಮಲ್ಲಿ ಹನ್ನೊಂದು ಮನೆಗೆ ಒಂದು. ಚಾವಣಿಯ ಸೂರ್ಯಹಲಗೆಗಳಿಂದ ಬರುವ ಕರೆಂಟಿನಲ್ಲಿ ಅರ್ಧ ಅದೇ ತಿನ್ನುತ್ತಿತ್ತು. ಅದರೊಳಗೆ ಇರುತ್ತಿದ್ದುದು ಹನ್ನೊಂದು ಮನೆಯ ಮೊಸರು, ಪಕ್ಕದ ಮನೆಯ ಮೆಹಬೂಬಿ ಅಜ್ಜಿಯ ಮಾಂಸದ ಡಬ್ಬಿ, ಕಾಕಾನ ಔಷಧಿ. ಕಾಕಾನಿಗೆ ಎಳೆಯ ವಯಸ್ಸಿನಿಂದ ಸಕ್ಕರೆ ಕಾಯಿಲೆ. ದಿನಕ್ಕೆ ಮೂರು ಸಲ ಚುಚ್ಚಿಕೊಳ್ಳಬೇಕು. ಆ ಔಷಧಿ ತಂಪಿನಲ್ಲಿ ಇರಬೇಕು. ದವಾಖಾನೆಯಲ್ಲಿ ಎರಡು ತಿಂಗಳಿಗೆ ಒಮ್ಮೆ ಕೊಡುತ್ತಾರೆ.

ಮಾಘ ಮಾಸದ ಓಣಿಸಭೆಯಲ್ಲಿ ನಾನು ಎದ್ದು ನಿಂತೆ. ತಂಪುಪೆಟ್ಟಿಗೆ ತೆಗೆದುಹಾಕೋಣ, ಆ ಕರೆಂಟನ್ನು ಬಾವಿಯ ಪಂಪಿಗೆ ಕೊಡೋಣ, ಇಡೀ ಓಣಿಗೆ ಇನ್ನೂ ಒಂದು ಗಿಡಸಾಲು ಬೆಳೆಯಬಹುದು ಎಂದೆ. ಒಂಬತ್ತನೆಯ ದಾರಿಯನ್ನು ಗಟ್ಟಿಯಾಗಿ ಓದಿದೆ. ಕೊನೆಯ ಎರಡು ಪದ ಬಿಟ್ಟು. ಮೆಹಬೂಬಿ ಅಜ್ಜಿ ಕೂತಲ್ಲಿಂದಲೇ ಕೇಳಿದಳು: “ಮಾಂಸ ಇಲ್ಲದ ನಾ ಇರತೀನಿ, ಹಲ್ಲೂ ಇಲ್ಲ. ಮಲಕಾಜಿ ಮದ್ದಿಂದು ಏನ್ ಮಾಡ್ತಿ?” ಗಡಿಗೆಯಲ್ಲಿ ಇಡುತ್ತೇವೆ ಎಂದೆ. “ಆಗಾಗ ನೀರ ಹಾಕೂದು ಯಾರು? ನೀ ಹಾಕ್ತಿ?” ಎಂದಳು. ಮನೆಯವರು ಹಾಕುತ್ತೇವೆ ಎಂದೆ. ನಾನು ಹೇಳಿದ ‘ಮನೆಯವರು’ ಎಂದರೆ ಯಾರೆಂದು ಸಭೆಯಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಚಿಗವ್ವ ತಲೆ ಎತ್ತಲಿಲ್ಲ.

ಆ ದಿನ ಮನೆಗೆ ಬಂದಮೇಲೆ ಕಾಕಾ ಒಂದು ಮಾತು ಹೇಳಿದ. ಎರಡು ಓಣಿ ಆಚೆ ಇನ್ನೊಂದು ತಂಪುಪೆಟ್ಟಿಗೆ ಇದೆ, ನನ್ನ ಡಬ್ಬಿಯನ್ನು ಅಲ್ಲಿ ಇಡಲು ಕೇಳುತ್ತೇನೆ, ದಿನದ್ದನ್ನು ಬೆಳಿಗ್ಗೆ ತಂದರಾಯಿತು ಎಂದ. ಬೇಡ ಎಂದೆ. ತಂಪುಪೆಟ್ಟಿಗೆ ಬೇಡವೆಂದು ಭಾಷಣ ಮಾಡಿದ ಮನೆಯೇ ಬೇರೆಯವರ ಪೆಟ್ಟಿಗೆಯಲ್ಲಿ ವಸ್ತು ಇಟ್ಟರೆ ಜನ ಏನೆನ್ನುತ್ತಾರೆ ಎಂದೆ. ಕಾಕಾ ಸಿಟ್ಟಾಗುವವನಲ್ಲ. “ಆತ ಬಿಡವಾ. ನನ್ನ ಮದ್ದಿಗೆ ನನಗಿಂತ ಹೆಚ್ಚು ಮರ್ಯಾದಿ ಬಂತು, ಅದಕ್ಕೂ ಸ್ವಂತ ಮನಿ ಆತು” ಎಂದು ನಕ್ಕ. ಪೆಟ್ಟಿಗೆಯನ್ನು ಬಿಚ್ಚಿ ತಾಮ್ರವನ್ನು ಪಂಪಿಗೆ ಬಳಸಿದರು. ಅದನ್ನು ಮತ್ತೆ ಜೋಡಿಸಲು ಆಗುವುದಿಲ್ಲ.

ಗಡಿಗೆ ಕೆಲಸ ಮಾಡಿತು. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ನಿಮ್ಮ ಕರಪತ್ರ ಸುಳ್ಳು ಹೇಳಲಿಲ್ಲ. ಒಣ ಗಾಳಿಯಲ್ಲಿ ಅದು ಬಾವಿಯ ತಳದಷ್ಟು ತಂಪಾಗಿತ್ತು. ಬೇರೆ ಓಣಿಯವರು ಬಂದು ಮುಟ್ಟಿ ನೋಡಿ ಹೋದರು. ನಾನು ಅವರಿಗೆ ವಿವರಿಸುತ್ತಿದ್ದೆ. ನಾನು ವಿವರಿಸುವಾಗ ಚಿಗವ್ವ ಹಿಂದಿನಿಂದ ಬಂದು ಮರಳಿಗೆ ನೀರು ಹಾಕಿ ಹೋಗುತ್ತಿದ್ದಳು. ನಿಮ್ಮ ಕಾಲದಲ್ಲಿ ‘ಆಗಾಗ’ ಎಂದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಇರಬಹುದು. ನಮ್ಮ ಉರಿಗಾಲದಲ್ಲಿ ಎರಡು ತಾಸಿಗೆ ಒಮ್ಮೆ. ಹಗಲೂ, ರಾತ್ರಿಯೂ. ಆ ಪದವನ್ನು ನಾನು ನಲವತ್ತು ಸಲ ಓದಿದ್ದೆ. ಮೂರು ತಿಂಗಳು ಅವಳು ಎರಡು ತಾಸಿಗಿಂತ ಹೆಚ್ಚು ಒಟ್ಟಿಗೆ ಮಲಗಿರಲಿಲ್ಲ ಎಂದು ನಾನು ಲೆಕ್ಕ ಹಾಕಿದ್ದು ಕಳೆದ ವಾರ. ಮಾಡುವಾಗ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಒಂದು ದಿನ ರೊಟ್ಟಿ ಬಡಿಯುತ್ತಲೇ ಕೂತಲ್ಲಿ ನಿದ್ದೆ ಹೋದಳು. ಕಾಕಾ ರೊಟ್ಟಿ ಮಗುಚಿ ಹಾಕಿ, “ನಮ್ಮಾಕಿ ಈಗ ಒಲಿ ಮುಂದನ ಸಂಸಾರ ಮಾಡ್ತಾಳ” ಎಂದ. ನಾವು ನಕ್ಕೆವು.

ಆಮೇಲೆ ಮೋಡ ಬಂತು. ಮಳೆ ಬರಲಿಲ್ಲ, ಮೋಡ ಮಾತ್ರ. ಒಂಬತ್ತು ದಿನ ಗಾಳಿ ಹಿಂಡದ ಬಟ್ಟೆಯ ಹಾಗೆ ಮೈಗೆ ಅಂಟುತ್ತಿತ್ತು. ಎರಡನೆಯ ದಿನ ಚಿಗವ್ವ ಗಡಿಗೆಯೊಳಗೆ ಕೈ ಇಟ್ಟು, “ದಾನಿ, ಗಡಿಗಿ ತಂಪ ಹಿಡೀವಲ್ದು ನೋಡ” ಎಂದಳು. ನಾನು ಏನೋ ಓದುತ್ತಿದ್ದೆ. ತಲೆ ಎತ್ತದೆ, “ನೀರ ಕಡಿಮಿ ಹಾಕಿರ್ತಿ ನೀ” ಎಂದೆ.

ನಾನು ಹೇಳಿದ್ದು ಅಷ್ಟೇ. ಅಂದಿನಿಂದ ಅವಳು ತಾಸಿಗೊಮ್ಮೆ ಹಾಕತೊಡಗಿದಳು. ತನ್ನ ಕುಡಿಯುವ ಪಾಲಿನಿಂದಲೂ ಹಾಕಿದಳು. ಮರಳಿನಿಂದ ನೀರು ನೆಲಕ್ಕೆ ಹರಿಯುತ್ತಿತ್ತು. ಗಡಿಗೆ ಬೆಚ್ಚಗೇ ಇತ್ತು. ಔಷಧಿ ಕೆಟ್ಟರೂ ಬಣ್ಣ ಬದಲಾಗುವುದಿಲ್ಲವಂತೆ. ಕಾಕಾ ಅದನ್ನೇ ಚುಚ್ಚಿಕೊಳ್ಳುತ್ತಿದ್ದ. ಆರನೆಯ ದಿನ ಬಾಯಾರಿಕೆ ಹೆಚ್ಚಾಯಿತು. ಏಳನೆಯ ದಿನ ವಾಂತಿ. ಎಂಟನೆಯ ದಿನ, ಮೋಡವಿದ್ದರೂ ತಪ್ಪದ ಬಿಸಿಲು ಬಂದ್ ಮುಗಿಯುವವರೆಗೆ ಕಾಯಬೇಕಾಯಿತು. ಐದು ಗಂಟೆಗೆ ಕೈಗಾಡಿಯಲ್ಲಿ ಮಲಗಿಸಿಕೊಂಡು ದವಾಖಾನೆಗೆ ಹೋದೆವು. ದಾರಿಯುದ್ದಕ್ಕೂ ಅವನ ಉಸಿರು ಜೋರಾಗಿತ್ತು. ಒಂಬತ್ತನೆಯ ದಿನ ಬೆಳಿಗ್ಗೆ ಹೋದ. ಹನ್ನೊಂದು ಗಂಟೆಗೆ ಹನಿ ಬಿತ್ತು.

ದವಾಖಾನೆಯ ಸಿಸ್ಟರ್ ಔಷಧಿ ಎಲ್ಲಿ ಇಟ್ಟಿದ್ದಿರಿ ಎಂದು ನನ್ನನ್ನು ಕೇಳಿದಳು. ಹೇಳಿದೆ. ಚಿಗವ್ವ ಆಗ ಹೊರಗೆ ಕೂತಿದ್ದಳು. “ಈ ಹವಾದಾಗ ಗಡಿಗಿ ಎಲ್ಲಿ ತಂಪಾಗ್ತದ? ಹಸಿ ಗಾಳಿಯೊಳಗ ಒಗದ ಬಟ್ಟಿ ಒಣಗ್ತಾವೇನು? ಇದೂ ಹಂಗ. ನೀರ ಆರಿ ಹೋದ್ರ ತಂಪು. ಆರಲಿಲ್ಲ ಅಂದ್ರ ನೀ ಬಾವಿನ ತಂದು ಸುರಿ, ಏನೂ ಆಗೂದಿಲ್ಲ” ಎಂದಳು. ಬಯ್ಯಲಿಲ್ಲ. ಮುಂದಿನ ಹಾಸಿಗೆಗೆ ಹೋದಳು.

ನನಗೆ ಅಳು ಬಂದಿಲ್ಲ. ಬರಬೇಕಿತ್ತು ಎಂದು ಜನ ನೋಡುತ್ತಾರೆ. ಊಟ ಮಾಡುತ್ತೇನೆ, ಸಿಪ್ಪೆಯನ್ನು ಗೊಬ್ಬರದ ಗಡಿಗೆಗೆ ಹಾಕುತ್ತೇನೆ, ಕಿಟಕಿ ಮುಚ್ಚುತ್ತೇನೆ. ಕೈ ತಾನಾಗಿ ಮಾಡುತ್ತದೆ. ಚಿಗವ್ವ ಕೂಡ ಅಳುವುದಿಲ್ಲ. ಅವಳು ಎರಡು ತಾಸಿಗೊಮ್ಮೆ ಏಳುತ್ತಾಳೆ, ತಂಬಿಗೆ ತುಂಬುತ್ತಾಳೆ, ಮರಳಿಗೆ ನೀರು ಹಾಕುತ್ತಾಳೆ. ಒಳಗಿನ ಗಡಿಗೆ ಖಾಲಿ ಇದೆ. ಮೂರನೆಯ ದಿನ ಮೆಹಬೂಬಿ ಅಜ್ಜಿ ಅವಳ ಕೈ ಹಿಡಿದು, “ಸಾಕ ಬಿಡ ಕಸ್ತೂರಿ, ಯಾರ ಸಲುವಾಗಿ ಹಾಕ್ತಿ?” ಎಂದು ಕೇಳಿದಳು. ಚಿಗವ್ವ, “ಆಗ ಕಡಿಮಿ ಹಾಕಿದ್ದೆ” ಎಂದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಆಗಲೇ ಹೇಳಬಹುದಿತ್ತು.

ನಿಮ್ಮ ಕರಪತ್ರವನ್ನು ನಾನು ಹರಿದು ಹಾಕಿಲ್ಲ. ಅದರಲ್ಲಿರುವ ಇಪ್ಪತ್ತೊಂದೂ ಸರಿ, ಈಗಲೂ ಹಾಗೆಯೇ ಹೇಳುತ್ತೇನೆ. ನೀವು ಅವನ್ನು ಮಾಡಿ. ಕೈಚೀಲ ಒಯ್ಯಿರಿ, ನಲ್ಲಿ ನಿಲ್ಲಿಸಿ, ಬಟ್ಟೆಯನ್ನು ಬಿಸಿಲಿಗೆ ಒಣಗಿಸಿ, ಹಳೆಯದನ್ನು ಹೊಲಿದು ಉಡಿ. ನಿಮಗೆ ಅವು ಇನ್ನೂ ಸುಲಭ. ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ವರೂ ಮಾಡಿ. ಒಬ್ಬಳೇ ಮಾಡುತ್ತಿದ್ದರೆ ಅದು ಹಸಿರು ಮನೆಯಲ್ಲ, ಅವಳೊಬ್ಬಳು ಸವೆಯುತ್ತಿರುವ ಮನೆ. ನಿಮ್ಮ ಮಂಡಳಿಯವರು ಮುಂದಿನ ಸಲ ಅಚ್ಚು ಹಾಕುವಾಗ ಪ್ರತಿ ದಾರಿಯ ಎದುರು ಒಂದು ಖಾಲಿ ಗೆರೆ ಬಿಡಿ. ಯಾರು ಮಾಡುತ್ತಾರೆ ಎಂದು ಮನೆಯವರೇ ಹೆಸರು ಬರೆದುಕೊಳ್ಳಲಿ. ಇಪ್ಪತ್ತೊಂದು ಗೆರೆಯಲ್ಲೂ ಒಂದೇ ಹೆಸರು ಬಂದರೆ ಕಣ್ಣಿಗೆ ಕಾಣುತ್ತದೆ. ಇಂಥ ಕಾಗದ ನನ್ನ ಕೈಗೆ ಸಿಕ್ಕಿದ್ದರೆ ನಾನೂ ನೋಡುತ್ತಿದ್ದೆ. ಹಾಗೆಂದುಕೊಳ್ಳುತ್ತೇನೆ.

ಇನ್ನೊಂದು ಕೋರಿಕೆ. ಒಂಬತ್ತನೆಯ ದಾರಿಯ ಕೊನೆಗೆ ಎರಡು ಸಾಲು ಸೇರಿಸಿ. ಜಾಗ ಇಲ್ಲದಿದ್ದರೆ ಬೇರೆ ಏನನ್ನಾದರೂ ತೆಗೆಯಿರಿ. ಹೀಗೆ ಬರೆಯಿರಿ:

‘ಮೋಡ ಕವಿದು ಗಾಳಿ ಹಸಿಯಾದ ದಿನಗಳಲ್ಲಿ ಗಡಿಗೆ ತಂಪಾಗುವುದಿಲ್ಲ, ಔಷಧಿಯನ್ನು ಇದರಲ್ಲಿ ಇಡಬೇಡಿ. ಆಗ ಎಷ್ಟು ನೀರು ಹಾಕಿದರೂ ಅಷ್ಟೇ, ಅದು ನೀರು ಹಾಕಿದವರ ತಪ್ಪಲ್ಲ.’

ನನ್ನ ಪ್ರತಿಯಲ್ಲಿ ಈ ಸಾಲುಗಳನ್ನು ಇಂದು ಬರೆದಿದ್ದೇನೆ. ಆದರೆ ಚಿಗವ್ವ ನನ್ನ ಕರಪತ್ರಗಳನ್ನು ಓದುವವಳಲ್ಲ. ಅವಳಿಗೆ ಬಾಯಿಂದಲೇ ಹೇಳಬೇಕು. ಅದರ ಹಿಂದೆಯೇ, ಆ ದಿನ ತಲೆ ಎತ್ತದೆ ಮಾತಾಡಿದ್ದು ನಾನು ಎನ್ನುವುದನ್ನೂ ಹೇಳಬೇಕು. ಆಮೇಲೆ ಅವಳು ನನ್ನನ್ನು ಈ ಮನೆಯಲ್ಲಿ ಇಟ್ಟುಕೊಳ್ಳುತ್ತಾಳೋ ಇಲ್ಲವೋ ಗೊತ್ತಿಲ್ಲ. ಅದು ಅವಳಿಗೆ ಬಿಟ್ಟದ್ದು.

ಎರಡು ತಾಸಾಯಿತು. ಅವಳು ತಂಬಿಗೆ ತೆಗೆದುಕೊಂಡ ಸದ್ದು ಕೇಳಿಸಿತು. ನಾನು ಏಳುತ್ತೇನೆ.

ದಾನೇಶ್ವರಿ