ಕಲ್ಲಪದವಿನ ಏರಿನಲ್ಲಿ ಹಿಂದೆ ಬಿದ್ದವರಿಗೆ

ಬಿಕರ್ನಕಟ್ಟೆ, ಮಂಗಳೂರು
ಕ್ರಿ.ಶ. 2231, ಬೇಶ ತಿಂಗಳ ಎಂಟು

ಮಾನ್ಯ ಜಲಜಾಕ್ಷಿ ಟೀಚರ್ ಅವರಿಗೆ ನಮಸ್ಕಾರ.

ಮೇಲಿನ ತೇದಿ ಕೈತಪ್ಪಿ ಬಿದ್ದದ್ದಲ್ಲ. ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲದವಳೊಬ್ಬಳು ಈ ಪತ್ರ ಬರೆಯುತ್ತಿದ್ದಾಳೆ. ನಿಮಗೆ ಗುರುತು ಸಿಗದ ಮಾತುಗಳು ಅಲ್ಲಲ್ಲಿ ಇಣುಕಿದರೆ ದಯವಿಟ್ಟು ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದೇ ಸೈಕಲ್ ಸವಾರರ ಟಿಪ್ಪಣಿಗಳಿಂದ, ಹಾಗಾಗಿ ಪಂಕ್ಚರ್, ಚೈನು, ಬೆವರು ಇವುಗಳ ವಿಷಯದಲ್ಲಿ ನನ್ನ ಭಾಷೆ ಬಹಳ ಶ್ರೀಮಂತ, ಉಳಿದದ್ದರಲ್ಲಿ ಅಷ್ಟಕ್ಕಷ್ಟೇ. ನಮ್ಮಲ್ಲಿ ಹಿಮ್ಮುಖ ಅಂಚೆ ಎಂಬ ಏರ್ಪಾಡು ಇದೆ. ಹಿಂದಿನ ಕಾಲದವರಿಗೆ ಒಬ್ಬೊಬ್ಬರೂ ಜೀವಮಾನದಲ್ಲಿ ಒಂದೇ ಒಂದು ಪತ್ರ ಕಳಿಸಬಹುದು. ಎಲ್ಲರೂ ಅದನ್ನು ತಮ್ಮ ಮುತ್ತಜ್ಜಿಗೋ ಪಿಜ್ಜನಿಗೋ ಕಳಿಸುತ್ತಾರೆ. ನನ್ನದನ್ನು ನಿಮಗೆ ಕಳಿಸುತ್ತಿದ್ದೇನೆ. ಅಕ್ಷರ ಸೊಟ್ಟಗಾಗುತ್ತಿದೆ. ಹೆದರಿಕೆಯಿಂದಲ್ಲ, ಖುಷಿ ತಡೆಯಲಾಗದೆ.

ಮೊದಲು ನಿಮ್ಮ ಊರಿನ ಸುದ್ದಿ ಹೇಳುತ್ತೇನೆ. ಕಡಲು ಬಂದರು ಪೇಟೆಯನ್ನು ದಾಟಿ ಒಳಗೆ ಬಂದು ಕೂತಿದೆ, ಊರು ಗುಡ್ಡೆ ಹತ್ತಿದೆ. ಕದ್ರಿ, ಬಿಜೈ, ಕುಲಶೇಖರ, ವಾಮಂಜೂರು ಎಲ್ಲವೂ ಗಾಲಿದಾರಿಗಳಿಂದ ಹೆಣೆದುಕೊಂಡಿವೆ. ಗಾಲಿದಾರಿ ಎಂದರೆ ಕಾಲಿನಿಂದ ತುಳಿದು ಓಡಿಸುವ ಗಾಡಿಗಳಿಗೆ ಮಾತ್ರ ಮೀಸಲಾದ ದಾರಿ. ಬೆಳಿಗ್ಗೆ ಬಂಗುಡೆ ದಾರಿಯಲ್ಲಿ ನಿಂತರೆ ಮೀನಿನವರ ಮೂರು ಗಾಲಿಯ ಸೈಕಲ್ಲುಗಳು ಗಂಟೆ ಬಾರಿಸುತ್ತ ಏರುವುದನ್ನು ನೋಡಬಹುದು. ಹಿಂದೆಯೇ ಬೆಕ್ಕುಗಳ ಮೆರವಣಿಗೆ ಇರುತ್ತದೆ. ಹಾಲು, ಅಂಚೆ, ಮದುಮಗಳು, ಜ್ವರ ಬಂದವರು, ಎಲ್ಲರ ಓಡಾಟವೂ ಸೈಕಲ್ಲಿನಲ್ಲೇ. ಇಳಿಯುವವರು ಏರುವವರಿಗೆ ದಾರಿ ಬಿಡಬೇಕು. ಏರುತ್ತಿರುವವರನ್ನು ಯಾರೂ ಮಾತಾಡಿಸಬಾರದು, ಉತ್ತರ ಕೊಡಲು ಅವರಲ್ಲಿ ಉಸಿರಿರುವುದಿಲ್ಲವಲ್ಲ. ಇವೆಲ್ಲಕ್ಕಿಂತ ದೊಡ್ಡ ಕಾನೂನು ಕೊನೆಯವರ ಲೆಕ್ಕ. ಹೊಸ ಗಾಲಿದಾರಿ ಹಾಕುವಾಗ ಎಲ್ಲರಿಗಿಂತ ಮುಂದೆ ಹೋಗುವವನನ್ನು ನಾವು ಕೇಳುವುದೇ ಇಲ್ಲ. ಎಲ್ಲರಿಗಿಂತ ಹಿಂದೆ ಉಳಿಯುವವರು ಹತ್ತಬಲ್ಲರೇ ಎಂದು ನೋಡುತ್ತೇವೆ. ಅವರು ಹತ್ತಿದರೆ ಅದು ದಾರಿ, ಇಲ್ಲದಿದ್ದರೆ ಬರೀ ಗುಡ್ಡೆ.

ಈ ದಾರಿಗಳನ್ನೆಲ್ಲ ನಾವು ಎಲ್ಲಿಂದ ಪಡೆದೆವು ಎಂದರೆ ನಿಮಗೆ ನಗು ಬಂದೀತು. ನಿಮ್ಮ ಕಾಲದ ನಕ್ಷೆಗಳು ಹೆಚ್ಚಿನವು ಹಾಳಾಗಿ ಹೋದವು. ಉಳಿದದ್ದು ಸೈಕಲ್ ಸವಾರರು ಮೊಬೈಲಿನಲ್ಲಿ ಗುರುತು ಮಾಡಿಕೊಂಡು ಲೋಕಕ್ಕೆಲ್ಲ ತೋರಿಸಿಕೊಂಡ ಭಾನುವಾರದ ಸವಾರಿಗಳ ಗೆರೆಗಳು. ಜಂಬಕ್ಕೆ ಎಷ್ಟು ಆಯುಸ್ಸು ನೋಡಿ! ಆ ಗೆರೆಗಳನ್ನು ಓದಿ ದಾರಿ ಹುಡುಕುವುದು ನನ್ನ ಉದ್ಯೋಗ, ಗೆರೆಗಾರ್ತಿ ಎನ್ನುತ್ತಾರೆ. ಓದುವುದರಲ್ಲಿ ನಮಗೂ ಎಡವಟ್ಟಾಗುತ್ತದೆ. ಗುರುಪುರದಾಚೆ ಒಂದು ಕಡೆ ನಿಮ್ಮವರ ಗೆರೆಗಳೆಲ್ಲ ಗಂಟು ಬಿದ್ದಂತೆ ನಿಂತಿದ್ದವು. ಸವಾರರೆಲ್ಲ ಅಲ್ಲಿ ಬಹಳ ಹೊತ್ತು ಕೂತಿದ್ದಾರೆ, ಯಾವುದೋ ಕಾರಣಿಕದ ಸ್ಥಳವೇ ಇರಬೇಕೆಂದು ನಮ್ಮ ಹಿರಿಯರು ಅಲ್ಲಿ ಕಟ್ಟೆ ಕಟ್ಟಿಸಿ ದೀಪ ಇಟ್ಟರು. ಒಂದು ತಲೆಮಾರು ಕೈಮುಗಿದ ಮೇಲೆ ಗೊತ್ತಾಯಿತು, ಅಲ್ಲಿದ್ದದ್ದು ಗೋಳಿಬಜೆಯ ಹೋಟೆಲು. ದೀಪವನ್ನು ನಾವು ತೆಗೆದಿಲ್ಲ, ಪಕ್ಕದಲ್ಲಿ ಗೋಳಿಬಜೆಯ ಅಂಗಡಿಯನ್ನೂ ಇಟ್ಟಿದ್ದೇವೆ.

ಇನ್ನು ನಿಮ್ಮ ಗೆರೆಯ ವಿಷಯ. ಬೇರೆಯವರೆಲ್ಲ ಹೆದ್ದಾರಿಯಲ್ಲಿ ಬಾಣ ಬಿಟ್ಟಂತೆ ಹೋಗಿದ್ದಾರೆ. ನೀವೊಬ್ಬರು ಲಾರಿಗಳಿಗೆ ಹೆದರಿ ವಾಮಂಜೂರು ದಾಟಿದ ಮೇಲೆ ಬಲಕ್ಕೆ, ಕಲ್ಲಪದವಿನ ಓಣಿಗೆ ತಿರುಗಿದ್ದೀರಿ. ಭಾನುವಾರದ ಮೇಲೆ ಭಾನುವಾರ, ಗುಂಪಿನ ಕೊನೆಯಲ್ಲಿ, ಎಷ್ಟೋ ಸಲ ಗುಂಪೇ ಇಲ್ಲದೆ. ಪ್ರತಿ ಸವಾರಿಗೂ ಒಂದು ಹೆಸರಿಟ್ಟಿದ್ದೀರಿ, ಅವು ನನಗೆ ಬಾಯಿಪಾಠ. "ಗ್ರೂಪಿನವರು ಮುಂದೆ ಹೋದ್ರು. ಹೋಗ್ಲಿ ಬಿಡಿ, ನಂಗೆಂತ ಬಸ್ಸು ಹಿಡೀಲಿಕ್ಕುಂಟಾ?" ಇನ್ನೊಂದು ದಿನ, "ನಾಯಿ ಓಡ್ಸಿದ್ದು ಮಾರಾಯ್ರೆ, ಇಲ್ಲದಿದ್ರೆ ಇಷ್ಟು ಸ್ಪೀಡ್ ನಂದಲ್ಲ." ಹೆಚ್ಚಿನ ದಿನಗಳಲ್ಲಿ ಮಾತ್ರ, "ಗೇರುಮರದವರೆಗೆ. ಇವತ್ತು ಸಹ ಆಗ್ಲಿಲ್ಲ." ಗೆರೆ ಗೇರುಮರದ ಹತ್ತಿರ ನಿಲ್ಲುತ್ತದೆ, ಸ್ವಲ್ಪ ಹೊತ್ತು ಒದ್ದಾಡುತ್ತದೆ, ವಾಪಸು ತಿರುಗುತ್ತದೆ. ಒಂದು ದಿನವೂ ನೀವು ಅದನ್ನು ದಾಟಿಲ್ಲ. ಓದುವಾಗ ನನಗೆ ಸಿಟ್ಟು ಬರುತ್ತಿತ್ತು, ಟೀಚರೇ. ಇನ್ನೊಂಚೂರು ತುಳಿದರೆ ಏನಾಗುತ್ತಿತ್ತು ಎಂದು ಕೂಗಬೇಕೆನಿಸುತ್ತಿತ್ತು.

ಸಿಟ್ಟಿಗೆ ಕಾರಣ ಇದೆ. ಕಲ್ಲಪದವಿನ ಮೇಲೆ ಈಗ ದೊಡ್ಡ ಕೇರಿ ಇದೆ, ನನ್ನ ತಂಗಿ ಕಮಲು ಅಲ್ಲಿರುವುದು. ಗುಡ್ಡೆಯ ನೆತ್ತಿಯ ಬಯಲಾದ ಬೋಳು ಮುರಕಲ್ಲಿನ ಪದವಿನಲ್ಲಿ ಮಳೆನೀರು ನಿಲ್ಲಿಸಿ ಸೌತೆ, ಅಲಸಂಡೆ ಬೆಳೆದವರು ಅವರು. ಕಳೆದ ಮಳೆಗಾಲದಲ್ಲಿ ಅವರ ದಾರಿ ಗುಡ್ಡೆಯ ಸಮೇತ ಜಾರಿ ಹೊಳೆಗೆ ಬಿತ್ತು. ಅಲ್ಲಿಂದೀಚೆಗೆ ಎಲ್ಲವನ್ನೂ ಹೆಗಲ ಮೇಲೆ ಹೊತ್ತು, ಕಲ್ಲು ಹಿಡಿದುಕೊಂಡು ಹತ್ತುತ್ತಾರೆ. ಮಳೆ ಹಿಡಿದರೆ ಅದೂ ಇಲ್ಲ. ಮಳೆಗಾಲದ ಹೊಸ್ತಿಲಾದ ಬೇಶ ಹತ್ತರ ಪತ್ತನಾಜೆಯೊಳಗೆ, ಅಂದರೆ ನಾಡಿದ್ದಿನೊಳಗೆ ಗಾಲಿದಾರಿ ತೋರಿಸದಿದ್ದರೆ ಕೇರಿಯನ್ನು ಎಬ್ಬಿಸಿ, ಒಂದೊಂದು ಮನೆಯವರನ್ನು ಒಂದೊಂದು ಗುಡ್ಡೆಗೆ ಹಂಚುವುದೆಂದು ದಾರಿ ಪಂಚಾಯಿತಿ ತೀರ್ಮಾನಿಸಿತ್ತು. ಕಮಲುವನ್ನು ಕಡಲಿನಾಚೆ ಬದಿಗೆ ಕಳಿಸುವವರಿದ್ದರು. ಗುಡ್ಡೆಯ ಈ ಬದಿಯಲ್ಲಿ ಹೊಸದಾಗಿ ದಾರಿ ಕಡಿಯೋಣ ಎಂದರೆ ತುಂಬ ಹಳೆಯ ಕಲ್ಲಿನ ಕೋರೆಗಳು, ಮೇಲೆ ಬಳ್ಳಿ ಮುಚ್ಚಿಕೊಂಡ ಆಳದ ಗುಂಡಿಗಳು. ಎಲ್ಲಿ ಕಾಲಿಟ್ಟರೆ ಎಲ್ಲಿಗೆ ಹೋಗುತ್ತೇವೋ ದೇವರೇ ಬಲ್ಲ. ಗಟ್ಟಿ ನೆಲ ಎಂದು ಆಣೆ ಇಟ್ಟು ಹೇಳಬಹುದಾದದ್ದು ನಿಮ್ಮ ಗಾಲಿ ಹೋದ ಜಾಗ ಒಂದೇ.

ನಿಮ್ಮ ಗೆರೆ ಹಿಡಿದು ನಾವು ಪೊದೆ ಕಡಿಯುತ್ತ ಹತ್ತಿದೆವು. ನೀವು ಏದುಸಿರು ಬಿಡುತ್ತ ನಿಂತ ಕಡೆಯಲ್ಲೆಲ್ಲ ಕೂರಲು ಒಂದೊಂದು ಕಲ್ಲು ಹಾಕಿದ್ದೇವೆ, ಏದುಸಿರ ಕಟ್ಟೆ ಎಂದು ಹೆಸರು. ಗೇರುಮರ ಈಗಿಲ್ಲ, ಗೆರೆ ಮುಗಿದದ್ದು ಅಲ್ಲೇ. ಮುಂದೆ ಎಡಕ್ಕೋ ಬಲಕ್ಕೋ ತಿಳಿಯದೆ ಮೂರು ದಿನ ಕೂತೆವು. ಇವತ್ತು ಬೆಳಿಗ್ಗೆ ನನಗೆ ತಾಳ್ಮೆ ತಪ್ಪಿತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ತುದಿಯನ್ನು ನಮ್ಮ ತಂಡದ ಸಿಪ್ರಿಯಣ್ಣನ ಕೈಗೆ ಕೊಟ್ಟೆ. "ಮರ್ಲಾ ನಿಮ್ಗೆ ದೂಮಕ್ಕ? ಗುಂಡಿಗೆ ಬಿದ್ರೆ ನಾನು ಮನೆಯವರಿಗೆ ಎಂತ ಹೇಳುದು?" ಎಂದು ಅವರು ಬೈಯುತ್ತಲೇ ಹಗ್ಗವನ್ನು ಚೂರುಚೂರೇ ಸಡಿಲ ಬಿಡುತ್ತ ಹೋದರು. ಕೋಲಿನಿಂದ ನೆಲ ಕುಟ್ಟುತ್ತ ಒಂದು ತಿರುವು ಸುತ್ತಿದೆ, ಅಷ್ಟೇ. ನಾಲ್ಕು ಹೆಜ್ಜೆಯಾಚೆ ಬಳ್ಳಿ ಸರಿದು ಬಯಲು ಕಾಣಿಸಿತು. ಸೌತೆ ಬಳ್ಳಿಗೆ ನೀರು ಹಾಕುತ್ತಿದ್ದ ಕಮಲು ತಲೆ ಎತ್ತಿ ನನ್ನನ್ನು ನೋಡಿ ಕೊಡಪಾನವನ್ನೇ ಬಿಟ್ಟಳು. "ಅಕ್ಕಾ, ನೀನು ಎಲ್ಲಿಂದ ಬಂದದ್ದು?" ಎಂದಳು. ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ. ಮಧ್ಯಾಹ್ನದೊಳಗೆ ಪೊದೆ ಸವರಿ, ಪಂಚಾಯಿತಿಯವರ ಎದುರಿಗೆ ನಮ್ಮೂರಿನ ಅತ್ಯಂತ ನಿಧಾನವಾಗಿ ತುಳಿಯುವವಳನ್ನು ಹತ್ತಿಸಿದೆವು. ಕೊನೆಯವರ ಲೆಕ್ಕ ಪಾಸಾಯಿತು. ಕೇರಿ ಏಳುವುದಿಲ್ಲ.

ಹಾಗಾದರೆ ದಾರಿ ಸಿಕ್ಕಿದ ಮೇಲೆ ಇರುವ ಒಂದೇ ಪತ್ರವನ್ನು ನಿಮಗೆ ಯಾಕೆ ಬರೆಯುತ್ತಿದ್ದೇನೆ? ನಿಮ್ಮ ಕೊನೆಯ ಸವಾರಿಯ ಹೆಸರು ನನಗೆ ನಿದ್ದೆ ಕೊಡುತ್ತಿಲ್ಲ. "ಗೇರುಮರದವರೆಗೆ. ಮೊಣಗಂಟು ಕೇಳುದಿಲ್ಲ, ನನ್ನಿಂದ ಆಗುದಿಲ್ಲ. ಸೈಕಲ್ ಕೊಡ್ಲಿಕ್ಕುಂಟು, ಯಾರಿಗಾದ್ರೂ ಬೇಕಾ?" ಎಂದು ಬರೆದಿದ್ದೀರಿ. ಅದಾದ ಮೇಲೆ ನಿಮ್ಮ ಗೆರೆ ಎಲ್ಲಿಯೂ ಇಲ್ಲ. ಆ ಸಂಜೆಯೇ ನಿಮ್ಮ ಕೈಗೆ ಸಿಗುವಂತೆ ಇದನ್ನು ಕಳಿಸುತ್ತಿದ್ದೇನೆ. ನಮಗೆ ನಿಮ್ಮಿಂದ ಇನ್ನೇನೂ ಬೇಕಾಗಿಲ್ಲ. ಈಗ ಕೇಳುತ್ತಿರುವುದು ನಿಮ್ಮ ಸಲುವಾಗಿಯೇ. ಸೈಕಲ್ ಯಾರಿಗೂ ಕೊಡಬೇಡಿ. ಬರುವ ಭಾನುವಾರ ಮೊಬೈಲು ಮನೆಯಲ್ಲೇ ಬಿಡಿ, ಯಾರಿಗೂ ತೋರಿಸುವುದು ಬೇಡ. ಗೇರುಮರದ ಕೆಳಗೆ ನಿಲ್ಲಿ, ನೀರು ಕುಡಿಯಿರಿ, ಬೈಯಬೇಕೆನಿಸಿದವರನ್ನೆಲ್ಲ ಬೈಯಿರಿ. ಆಮೇಲೆ ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡಾದರೂ ಸರಿ, ಆ ತಿರುವಿನವರೆಗೆ ಹೋಗಿ. ನಾನು ಇವತ್ತು ನನ್ನ ಕಾಲಿನಿಂದ ನಡೆದು ನೋಡಿ ಬಂದಿದ್ದೇನೆ, ಟೀಚರೇ. ಇಷ್ಟು ವರ್ಷ ನೀವು ವಾಪಸು ತಿರುಗಿದ್ದು ಏರು ಮುಗಿದ ಜಾಗದಲ್ಲಿ.

ಕಲ್ಲಪದವಿನ ದಾರಿಯಲ್ಲಿ ನಿಮ್ಮ ಹಿಂದೆಯೇ ಬರುತ್ತಿರುವ,
ದೂಮಕ್ಕ