ದಣಿಯುವ ಹುಣಸೆಮರ, ದಣಿಯದ ವಿಮಾನ

ವಿಮಾನದಾಟದ ಕಂಪನಿಯ ‘ಜವಾಬ್ದಾರಿಯುತ ಆಟ’ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಆ್ಯಪಿನಲ್ಲಿರುವ ‘ಅಪಾಯ ಮತ್ತು ಭಾವನೆಗಳ ನಿರ್ವಹಣೆ’ ಎಂಬ ಕನ್ನಡ ಪುಟವನ್ನು ದಯವಿಟ್ಟು ತೆಗೆದುಹಾಕಿ. ಅದು ಚೆನ್ನಾಗಿಲ್ಲವೆಂದಲ್ಲ, ಅಗತ್ಯಕ್ಕಿಂತ ಚೆನ್ನಾಗಿದೆ. ನನಗೆ ಗೊತ್ತು, ಏಕೆಂದರೆ ಅದನ್ನು ಕನ್ನಡಕ್ಕೆ ತಂದವಳು ನಾನೇ. ಕನ್ನಡ ಎಂ.ಎ. ಮುಗಿಸಿ ಮಧುಗಿರಿಯಲ್ಲಿ ಕೆಲಸ ಹುಡುಕುತ್ತಿದ್ದಾಗ ಅನುವಾದದ ಏಜೆನ್ಸಿಯೊಂದು ಪದಕ್ಕಿಷ್ಟು ಎಂದು ಕೊಟ್ಟ ಕೆಲಸ ಅದು. ಯಾರ ಪುಟವೆಂದು ನಾನು ಕೇಳಲಿಲ್ಲ. ನಾಲ್ಕು ಜನರ ಮುಂದೆ ಬಸ್ಸಿನ ಚಿಲ್ಲರೆ ಕೇಳಲೂ ಹಿಂಜರಿಯುವವಳು ನಾನು. ಹಣವಿಟ್ಟು ಆಡುವ ಆಟಗಳಿಗೆ ನಿಷೇಧ ಬಂದ ಮೇಲೂ ನಿಮ್ಮ ವಿಮಾನ ಹೆಸರು ಬದಲಿಸಿಕೊಂಡು ಹಾರುತ್ತಲೇ ಇದೆ. ನಿಮ್ಮ ಕಚೇರಿ ಯಾವ ದೇಶದಲ್ಲಿದೆಯೋ ತಿಳಿಯದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದ ಓದುಗರಿಗಾಗಿ ಒಂದು ಮಾತು. ಮೊಬೈಲಿನ ಪರದೆಯ ಮೇಲೆ ಪುಟ್ಟ ವಿಮಾನವೊಂದು ಏರುತ್ತದೆ. ಅದು ಏರಿದಷ್ಟೂ ನೀವಿಟ್ಟ ಹಣ ಒಂದೂವರೆ ಪಟ್ಟು, ಎರಡು ಪಟ್ಟು, ಐದು ಪಟ್ಟು ಎಂದು ಬೆಳೆಯುತ್ತದೆ. ವಿಮಾನ ಮಾಯವಾಗುವ ಮೊದಲು ಗುಂಡಿ ಒತ್ತಿದರೆ ಹಣ ನಿಮ್ಮದು. ಒತ್ತದಿದ್ದರೆ ಮುಖ್ಯಸ್ಥರದು.

ನನ್ನ ದೊಡ್ಡಪ್ಪ ಚಿಕ್ಕನರಸಯ್ಯ ಹುಣಸೆಮರ ಗುತ್ತಿಗೆ ಹಿಡಿಯುವವರು. ಕಾಯಿ ಎಳೆಯದಾಗಿರುವಾಗಲೇ ಮರದ ಸುತ್ತ ಒಂದು ಸುತ್ತು ಹಾಕಿ, ಎಷ್ಟು ಹಣ್ಣು ಇಳಿಯುತ್ತದೆಂದು ಹೇಳುತ್ತಾರೆ. ಹೆಚ್ಚು ಕಡಿಮೆ ಅಷ್ಟೇ ಇಳಿಯುತ್ತದೆ. ಹೋದ ವರ್ಷ ಮೈತುಂಬ ಕಾಯಿ ಹಿಡಿದ ಮರ ಈ ವರ್ಷ ದಣಿದಿರುತ್ತದೆ, ಎರಡು ವರ್ಷ ಸುಮ್ಮನಿದ್ದದ್ದು ಮೂರನೆಯ ವರ್ಷ ಸುರಿಯುತ್ತದೆ ಎಂಬ ಲೆಕ್ಕ ಅವರ ಕಣ್ಣಲ್ಲೇ ಇದೆ. ಅಂಥವರಿಗೆ ನಿಮ್ಮ ಪುಟದ ಮೂರನೆಯ ಸಲಹೆ ಸಿಕ್ಕಿತು: ‘ಹಿಂದಿನ ಸುತ್ತುಗಳನ್ನು ಗಮನಿಸಿ, ಶಾಂತ ಮನಸ್ಸಿನಿಂದ ನಿರ್ಧರಿಸಿ.’

“ನಾಕ್ ಸಲ ತಗ್ಗಲ್ಲೇ ಓಗೈತೆ ಕಣಮ್ಮ ಸಹನಾ,” ಎಂದರು, ಜಗಲಿಯ ಮೇಲೆ ಮೊಬೈಲು ಹಿಡಿದು. “ಸುಸ್ತಾಗಿತ್ತು ಅದು. ಈಗ ಹಿಡೀತದೆ ನೋಡು.”

ವಿಮಾನ ಏಳುವಷ್ಟರಲ್ಲೇ ಮಾಯವಾಯಿತು. ದೊಡ್ಡಪ್ಪ ಕಣ್ಣು ಮುಚ್ಚಿದರು.

“ಇದೇನ್ ಇಂಗೆ ಕುಂತ್ಬುಟ್ಟೆ?” ಎಂದರು ದೊಡ್ಡಮ್ಮ ಪಟಾಲಮ್ಮ, ಮೊರ ಕೆಳಗಿಟ್ಟು.

“ಸುಮ್ಕಿರು. ಸೋತಾಗ ಐದ್ ಸಲ ಉಸ್ರು ಎಳ್ಕೋಬೇಕಂತೆ.”

“ನೀನು ಎಳ್ಕಳಾದು ಬರೀ ಉಸ್ರು. ಅವ್ರು ಎಳ್ಕಂಡಿದ್ದು ದೊಡ್ಡೇರಿ ತೋಪಿನ ದುಡ್ಡು!”

ಮಾನ್ಯರೇ, ಸೋಲಿಗೆ ಕಾರಣ ಆತುರ, ಕೋಪ, ದುರಾಸೆ ಎನ್ನುತ್ತದೆ ನಿಮ್ಮ ಪುಟ. ದೊಡ್ಡಪ್ಪನಿಗೆ ಕೋಪ ಬರಲಿಲ್ಲ. ದಿನದ ಮಿತಿ ದಾಟಲಿಲ್ಲ. ಉಸಿರು ಎಣಿಸಿಯೇ ಎಳೆದರು. ಭಾವನೆಗಳ ನಿರ್ವಹಣೆಯಲ್ಲಿ ನೂರಕ್ಕೆ ನೂರು ಅಂಕ ಪಡೆದು, ದಿನಕ್ಕಿಷ್ಟರಂತೆ ಅತ್ಯಂತ ಶಾಂತವಾಗಿ, ದೊಡ್ಡೇರಿಯ ಹುಣಸೆ ತೋಪಿಗೆ ಕೊಡಬೇಕಿದ್ದ ಮುಂಗಡದ ಅರ್ಧ ಹಣ ಕಳೆದುಕೊಂಡರು. ವಿಮಾನ ಯಾವಾಗ ಮಾಯವಾಗಬೇಕೆಂಬ ಲೆಕ್ಕ ನಿಮ್ಮಲ್ಲಿದೆ, ಆಡುವವರ ಹತೋಟಿಯಲ್ಲಿರುವುದು ಅವರ ಉಸಿರೊಂದೇ. ಅದನ್ನಾದರೂ ಅವರಿಗೇ ಬಿಟ್ಟ ನಿಮ್ಮ ದೊಡ್ಡ ಮನಸ್ಸಿಗೆ ಏನೆನ್ನಲಿ? ಹುಣಸೆಮರ ಹೋದ ವರ್ಷದ ಭಾರವನ್ನು ಕೊಂಬೆಯಲ್ಲಿ ಇಟ್ಟುಕೊಂಡಿರುತ್ತದೆ. ನಿಮ್ಮ ವಿಮಾನ ಏನನ್ನು ಇಟ್ಟುಕೊಂಡಿದೆ? ನಾಲ್ಕು ಸಲ ಬಿದ್ದದ್ದಕ್ಕೂ ಐದನೆಯದಕ್ಕೂ ಸಂಬಂಧವಿಲ್ಲದ ಮೇಲೆ ಹಿಂದಿನ ಸುತ್ತುಗಳನ್ನು ಗಮನಿಸಿ ಯಾರಿಗೆ ಏನಾಗಬೇಕು?

ಇದನ್ನೇ ನಾನು ದೊಡ್ಡಪ್ಪನಿಗೆ ಮೆಲ್ಲಗೆ ಹೇಳಿದೆ. ಅವರು ನಕ್ಕು ನಿಮ್ಮ ಪುಟ ತೆರೆದು ತೋರಿಸಿದರು. “ನಿಂಗೇನ್ ಗೊತ್ತಮ್ಮ? ಓದ್ಕಂಡಿರೋರು ಯಾರೋ ಬರ್ದವ್ರೆ. ಎಷ್ಟು ನಯವಾಗೈತೆ ನೋಡು ಮಾತು. ಮೋಸ ಮಾಡೋರು ಇಂಗೆ ಬರೀತಾರಾ?”

ನನ್ನ ಬರಹವನ್ನು ಮೆಚ್ಚಿ ಮಾತಾಡಿದ ಮೊದಲ ಓದುಗರು ಅವರು. ಬರೆದವಳು ನಾನೇ ಎಂದು ಹೇಳಲಾರದೆ ಒಳಗೆ ಹೋದೆ.

ತೋಪಿನ ಯಜಮಾನರಾದ ರೇಣುಕಯ್ಯನವರು ಭಾನುವಾರದವರೆಗೆ ಕಾಯುತ್ತಾರೆ. ಕೈಯಲ್ಲಿ ಉಳಿದಿರುವ ಅರ್ಧ ಮುಂಗಡ ಕೊಟ್ಟರೆ ತೋಪು ಈ ವರ್ಷವೂ ದೊಡ್ಡಪ್ಪನದೇ, ಬಾಕಿ ಹಣವನ್ನು ಹಣ್ಣು ಮಾರಿದ ಮೇಲೆ ಕೊಟ್ಟರಾಯಿತು ಎಂದಿದ್ದಾರೆ. ದೊಡ್ಡಪ್ಪ ಮಾತ್ರ ಆ ಅರ್ಧವನ್ನೂ ಶನಿವಾರ ಒಂದೇ ಸಲ ಹಾಕುವ ಯೋಚನೆಯಲ್ಲಿದ್ದಾರೆ. ಇಷ್ಟು ದಿನ ಹಿಡಿಯದ್ದು ಈಗ ಸುರಿಯಲೇಬೇಕಂತೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆ ಪುಟವನ್ನು ಅಳಿಸಿ, ಅದರ ಜಾಗದಲ್ಲಿ ‘ಈ ವಿಮಾನಕ್ಕೆ ನಿನ್ನೆಯಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಹಾಕಿ. ಈ ಮೂರು ಪದಗಳಿಗೆ ಹಣ ಬೇಡ. ನೀವು ಹಾಕುವುದಿಲ್ಲವೆಂದು ಗೊತ್ತು. ಶುಕ್ರವಾರ ಈ ಪತ್ರ ಅಚ್ಚಾದರೆ ಪತ್ರಿಕೆಯನ್ನು ನಾನೇ ಜಗಲಿಗೆ ಒಯ್ದು ಕೊಡುತ್ತೇನೆ. ದೊಡ್ಡಪ್ಪ, ಇಲ್ಲಿಯವರೆಗೆ ಓದಿದ್ದರೆ ತಲೆಯೆತ್ತಿ. ಬಾಗಿಲ ಬಳಿ ನಿಂತಿರುವವಳು ನಾನೇ. ಬಯ್ಯುವುದಿದ್ದರೆ ಬಯ್ಯಿರಿ, ಮೊಬೈಲು ಮಾತ್ರ ನನ್ನ ಕೈಗೆ ಕೊಡಿ.

ಇಂತಿ,
ಬರೆದದ್ದನ್ನು ಅಳಿಸುವ ಅಧಿಕಾರವಿಲ್ಲದ
ಸಹನಾ, ಮಧುಗಿರಿ