ಜ್ವರವಿಲ್ಲದ ಮಾತು

ಗುರುವಾರ, ಬೆಳಗಿನ ಕಾಫಿಯ ನಂತರ

ಮುದ್ದಿನ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಮೊದಲೇ ಹೇಳಿಬಿಡುತ್ತೇನೆ: ನನಗೆ ಜ್ವರವಿಲ್ಲ, ಉರಿಮೂತ್ರವಿಲ್ಲ, ಊಟ ಸೇರುತ್ತಿದೆ. ಈಗಷ್ಟೇ ನರ್ಸಮ್ಮ ಥರ್ಮಾಮೀಟರ್ ಇಟ್ಟು ನೋಡಿ ಹೋದರು. ಕೋಪ ಮಾತ್ರ ಇದೆ. ಅದನ್ನು ಅಳೆಯುವ ಕಡ್ಡಿ ಇವರ ಹತ್ತಿರ ಇಲ್ಲ.

ಭಾನುವಾರ ನೀನು ಬಂದಾಗ ನಾನು ಒಂದು ಮಾತು ಹೇಳಿದೆ. ನಿನ್ನಪ್ಪನ ಜೊತೆ ನಾನು ಸುಖವಾಗಿರಲಿಲ್ಲ ಎಂದೆ. ನೀನು ನನ್ನ ಮುಖ ನೋಡಲಿಲ್ಲ, ನರ್ಸಮ್ಮನ ಮುಖ ನೋಡಿದೆ. "ಅಮ್ಮ ಏನೇನೋ ಮಾತಾಡ್ತಿದಾರೆ. ಮತ್ತೆ ಇನ್‌ಫೆಕ್ಷನ್ ಆಗಿರ್ಬೇಕು, ಯೂರಿನ್ ಟೆಸ್ಟ್ ಮಾಡ್ಸಿ" ಎಂದೆ.

ವಯಸ್ಸಾದವರಿಗೆ ಮೂತ್ರದ ಸೋಂಕಾದರೆ ತಲೆ ಕೆಟ್ಟು ಏನೇನೋ ಬಡಬಡಿಸುತ್ತಾರೆ ಎಂದು ಯಾರೋ ಹೇಳಿದ್ದನ್ನೇ ನೀನು ಹಿಡಿದುಕೊಂಡಿದ್ದೀಯ. ಇದು ಹೊಸದೇನಲ್ಲ. ಅಳಿಯಂದಿರು ಬಡಾಯಿ ಕೊಚ್ಚುತ್ತಾರೆ ಎಂದಾಗಲೂ ಪರೀಕ್ಷೆಯಾಯಿತು, ಮಾತ್ರೆ ಬಂತು. ನೀನು ತಂದ ಸ್ವೆಟರಿನ ತೋಳು ಗಿಡ್ಡ ಎಂದಾಗಲೂ ಅಷ್ಟೇ. ಬಟ್ಟೆ ಹೊಲಿದು ನಿನ್ನನ್ನು ಓದಿಸಿದವಳು ನಾನು. ತೋಳು ಗಿಡ್ಡ ಅನ್ನಲು ನನಗೆ ರೋಗ ಬರಬೇಕೇ? ಈ ವೃದ್ಧಾಶ್ರಮದ ಮುದುಕಿಯರ ಮೂತ್ರದಲ್ಲಿ ಹುಡುಕಿದರೆ ಕ್ರಿಮಿ ಸಿಗುವುದು ಮಾಮೂಲು, ತೊಂದರೆ ಕೊಡದಿದ್ದರೆ ಅದರ ಪಾಡಿಗೆ ಬಿಡಬೇಕು ಎಂದು ಡಾಕ್ಟರಮ್ಮ ಬಡಕೊಂಡರು. ನೀನು ಜಗಳ ತೆಗೆದು ಮಾತ್ರೆ ಬರೆಸಿದೆ. ನಾನೂ ತೆಪ್ಪಗೆ ನುಂಗಿದೆ.

ಈಗ ಭಾನುವಾರದ ಪರೀಕ್ಷೆಯ ರಿಪೋರ್ಟ್ ಬಂದಿದೆ. ನುಂಗಿದ ಮಾತ್ರೆಗಳಿಗೆಲ್ಲ ಪಳಗಿ ಆ ಕ್ರಿಮಿ ಇನ್ನು ಯಾವ ಮಾತ್ರೆಗೂ ಜಗ್ಗುವುದಿಲ್ಲವಂತೆ. ಉಳಿದಿರುವುದು ಒಂದೇ ಇಂಜೆಕ್ಷನ್, ಅದೂ ಕಿಡ್ನಿಗೆ ಭಾರ. ನಿಜವಾದ ಜ್ವರ ಬಂದ ದಿನಕ್ಕೆ ಇಟ್ಟುಕೊಳ್ಳೋಣ ಎನ್ನುತ್ತಾರೆ ಡಾಕ್ಟರಮ್ಮ. ಈಗಲೇ ಕೊಡಿ ಎಂದು ನೀನು ಫೋನಿನಲ್ಲಿ ಹಟ ಹಿಡಿದಿದ್ದೀಯಂತೆ. ಬೇಡ ಪುಟ್ಟಿ. ಅದಕ್ಕೂ ಈ ಕ್ರಿಮಿ ಪಳಗಿಬಿಟ್ಟರೆ ಆಮೇಲೆ ನನಗೆ ಗತಿಯಿಲ್ಲ. ನನಗೆ ಭಯವಾಗುತ್ತದೆ.

ನಿನ್ನಪ್ಪ ಕೆಟ್ಟವರಲ್ಲ. ಒಂದು ದಿನವೂ ಕೈ ಎತ್ತಿದವರಲ್ಲ. ಆದರೆ ನಾನು ಬಾಯಿ ತೆರೆದರೆ ಸಾಕು, "ನಿಂಗೇನು ಗೊತ್ತಾಗತ್ತೆ, ಸುಮ್ನಿರು" ಎನ್ನುತ್ತಿದ್ದರು. ಸಂಸಾರವೆಲ್ಲ ಹಾಗೇ ಕಳೆಯಿತು. ಈಗ ನೀನು ಅದನ್ನೇ ಪರೀಕ್ಷೆ ಮಾಡಿಸಿ ಹೇಳುತ್ತಿದ್ದೀಯ.

ಭಾನುವಾರ ಬಾ. ಕುರ್ಚಿ ಎಳೆದುಕೊಂಡು ಕೂತು ಕೇಳು. ಒಪ್ಪಲೇಬೇಕೆಂದೇನೂ ಇಲ್ಲ. ಸ್ವೆಟರ್ ಹಾಕಿಕೊಂಡೇ ಬರೆಯುತ್ತಿದ್ದೇನೆ. ಬೆಚ್ಚಗಿದೆ. ತೋಳು ಮಾತ್ರ ಗಿಡ್ಡವೇ.

ಇಂತಿ,
ತಲೆ ನೆಟ್ಟಗಿರುವ ನಿನ್ನ ಅಮ್ಮ

ಮತ್ತೆ, ಶುಕ್ರವಾರ: ಇದನ್ನು ನರ್ಸಮ್ಮನ ಕೈಯಲ್ಲಿ ಬರೆಸುತ್ತಿದ್ದೇನೆ. ನಿನ್ನೆ ಸಂಜೆಯಿಂದ ಚಳಿ, ಉರಿ, ಮೈ ಕೆಂಡವಾಗಿದೆ. ಈ ಸಲ ನಿಜದ್ದೇ. ಆ ಇಂಜೆಕ್ಷನ್ ಶುರು ಮಾಡಿದ್ದಾರೆ, ನಾಟುತ್ತದೋ ಇಲ್ಲವೋ ಗೊತ್ತಿಲ್ಲ. ಭಾನುವಾರದವರೆಗೆ ಕಾಯಬೇಡ. ನೀನು ಬರುವಷ್ಟರಲ್ಲಿ ನಾನು ನಿಜಕ್ಕೂ ಏನೇನೋ ಮಾತಾಡುತ್ತಿರಬಹುದು, ಅದನ್ನೆಲ್ಲ ಮರೆತುಬಿಡು. ಮೇಲಿನದು ನಿನ್ನೆ ಬೆಳಗಿನದು. ಅದನ್ನು ಮಾತ್ರ ಜ್ವರದ ತಲೆಗೆ ಕಟ್ಟಬೇಡ.